ಎರಡನೇ ಕೀಲಿಕೈ ಓದಿದ ಊರು

“ಆಕಿ ಮಾಡಿದ್ದು ಬರೋಬ್ಬರಿ ಐತಿ ನೀಲಕ್ಕ. ಆದ್ರ ನಾನಾಗಿದ್ರ ಮೊದಲ ಉಪ್ಪಿನಕಾಯಿ ಭರಣಿ ಹೊರಗ ಇಸ್ಕೊಂಡು, ಆಮ್ಯಾಲ ಕೀಲಿ ಹಾಕ್ತಿದ್ದೆ,” ಎಂದಳು ಚಂಪವ್ವ, ತಲೆಯ ಮೇಲಿನ ಗೋಧಿ ಬುಟ್ಟಿಯನ್ನು ಇಳಿಸುತ್ತ.

“ಒಳಗ ಒಬ್ಬ ಮನಶಾ ಬಾಗಲಾ ಬಡೀಲಿಕ್ಕತ್ತಾನ, ನಿನಗ ಭರಣಿ ಚಿಂತಿ,” ಎಂದರು ಕೊಟ್ರಪ್ಪ ಮಾಸ್ತರು.

“ಮಾವಿನಕಾಯಿ ಹೆಚ್ಚಿದಾಕಿ ಆಕೀನೋ ಅಂವನೋ, ಅದನ್ನ ಹೇಳ್ರಿ ಮಾಸ್ತರ.”

ಮಾಸ್ತರು ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ಮುಖ ಮಾಡಿ ತಮ್ಮ ಜೋಳದ ಚೀಲದ ಮೇಲೆ ಕೂತರು.

ಆ ಬೇಸಿಗೆಯೆಲ್ಲ ನನ್ನ ಗಿರಣಿಯಲ್ಲಿ ಒಂದೇ ಕಾದಂಬರಿಯ ಮಾತು. ಹಿಟ್ಟು ಬೀಸುವವರೆಗೆ ಜನ ಸುಮ್ಮನೆ ಕೂರಬಾರದೆಂದು ನಾನು ಒಂದು ಕಪಾಟಿನಲ್ಲಿ ಕಾದಂಬರಿಗಳನ್ನು ಇಟ್ಟಿದ್ದೇನೆ. ಶಾಲೆ ನನಗೆ ಬೇಗ ತಪ್ಪಿತು. ಓದುವುದನ್ನು ಕಲಿತದ್ದು ಕಿರಾಣಿ ಅಂಗಡಿಯ ಪೊಟ್ಟಣದ ಕಾಗದಗಳಿಂದ. ಅರ್ಧ ಕಥೆ ಓದಿ ಉಳಿದರ್ಧಕ್ಕೆ ಇನ್ನೊಂದು ಪಾವು ಬೇಳೆ ತರಿಸಿದವಳು ನಾನು. ಹಾಗಾಗಿ ಇಡೀ ಪುಸ್ತಕ ಕಂಡರೆ ಬಿಡುವುದಿಲ್ಲ. ‘ಎರಡನೇ ಕೀಲಿಕೈ’ ಸಿಕ್ಕಿದ್ದು ಸಂತೆಯಲ್ಲಿ, ಹಳೆ ಪುಸ್ತಕಗಳ ಗಂಟಿನೊಳಗೆ. ಬರೆದವರ ಹೆಸರಿದ್ದ ಹಾಳೆ ಹರಿದುಹೋಗಿತ್ತು. ಕಥೆ ಇಷ್ಟು: ವಸುಧಾ ಎಂಬಾಕೆ ಹೊಸದಾಗಿ ಮದುವೆಯಾಗಿ ಜಯರಾಮನ ಮನೆಗೆ ಬರುತ್ತಾಳೆ. ಮನೆಯಲ್ಲಿ ಸಾಮಾನು ಜಾಗ ಬದಲಿಸುತ್ತಿರುತ್ತವೆ. ಇವತ್ತು ಉಪ್ಪಿನ ಡಬ್ಬಿ, ನಾಳೆ ಅವಳ ಕಣ್ಣಿನ ಚಾಳೀಸು, ನಾಡಿದ್ದು ಅವಳ ತಾಯಿಯ ಫೋಟೊ. ಕೇಳಿದರೆ ಗಂಡ ನಗುತ್ತಾನೆ, “ನಿನಗ ಮರವು” ಅನ್ನುತ್ತಾನೆ. ಒಂದು ದಿನ ಅವಳ ಕಪಾಟಿನ ಎರಡನೇ ಕೀಲಿಕೈ ಅವನ ದಾಡಿಯ ಸಾಮಾನಿನ ಡಬ್ಬಿಯಲ್ಲಿ ಸಿಗುತ್ತದೆ. ಅವಳು ಏನೂ ಕೇಳುವುದಿಲ್ಲ. ಉಪ್ಪಿನಕಾಯಿ ತರಲು ಅವನು ಉಗ್ರಾಣಕ್ಕೆ ಹೋದಾಗ ಹೊರಗಿನಿಂದ ಕೀಲಿ ಹಾಕಿ, ತಾಟು ಹಾಕಿಕೊಂಡು ಊಟಕ್ಕೆ ಕೂರುತ್ತಾಳೆ. ಬಾಗಿಲು ಬಡಿಯುವ ಸದ್ದು ನಿಲ್ಲುತ್ತದೆ. ಪುಸ್ತಕ ಮುಗಿಯುತ್ತದೆ.

ಅವನು ನಿಜವಾಗಿ ಅವಳನ್ನು ಹುಚ್ಚಿ ಮಾಡಲು ಹೊರಟಿದ್ದನೋ, ಅವಳಿಗೇ ಏನಾದರೂ ಆಗಿತ್ತೋ, ಬರೆದವರು ಹೇಳಿಲ್ಲ. ಹೇಳಿದ್ದರೆ ನಮ್ಮೂರಿನ ಗೋಡೆಗಳು ಇಷ್ಟು ದಪ್ಪವಾಗುತ್ತಿರಲಿಲ್ಲ.

ನಮ್ಮೂರಿನಲ್ಲಿ ಒಂದು ಮನೆಯೊಳಗೆ ಇಬ್ಬರ ಮಾತು ಬೇರೆಯಾದರೆ ಅವರ ನಡುವಿನ ಗೋಡೆ ಬೆಳೆಯುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತು, ಇಲ್ಲ ಆಗಿಲ್ಲ ಎಂಬಂಥ ಮಾತಿಗೆ ಒಂದು ಬೆರಳು ಬೆಳೆದು ಮಧ್ಯಾಹ್ನದೊಳಗೆ ಇಳಿದೂ ಹೋಗುತ್ತದೆ. ಅತ್ತೆ ಸೊಸೆಯರ ಮಾತಾದರೆ ಗೇಣಾಗಬಹುದು. ಇದಕ್ಕೆ ತಕ್ಕ ಹಾಗೆ ನಾವೂ ಇದ್ದೇವೆ. ಮೊಳೆ ಹೊಡೆಯುವವರು ಉದ್ದನೆಯ ಮೊಳೆ ಹೊಡೆದು ತಲೆಯನ್ನು ದೂರ ಬಿಡುತ್ತಾರೆ. ಗೋಡೆಯ ಗೂಡಿನೊಳಗೆ ಬೆಲೆಯುಳ್ಳದ್ದನ್ನು ಯಾರೂ ಇಡುವುದಿಲ್ಲ. ನಮ್ಮ ಬಡಿಗರು ಬಾಗಿಲ ಚೌಕಟ್ಟನ್ನು ಬೆಂಕಿಪೆಟ್ಟಿಗೆಯ ಹಾಗೆ ಒಂದರೊಳಗೊಂದು ಜಾರುವಂತೆ ಮಾಡಿಕೊಡುತ್ತಾರೆ. ಗೋಡೆಗೆ ಆಡಿದ ಮಾತಷ್ಟೇ ಕೇಳುತ್ತದೆ, ಮನಸ್ಸಿನಲ್ಲಿದ್ದದ್ದು ಕೇಳುವುದಿಲ್ಲ. ಅದಕ್ಕೇ ಮಾತು ತಡೆಯಲಾಗದವರು ನನ್ನ ಗಿರಣಿಗೆ ಬರುತ್ತಾರೆ. ಗಿರಣಿಗೆ ಗೋಡೆಯಿಲ್ಲ. ಕಂಬಗಳು, ಮೇಲೆ ತಗಡು, ಅಷ್ಟೇ. ಎಷ್ಟೋ ಜನಕ್ಕೆ ಹಿಟ್ಟು ಒಂದು ನೆಪ. ಬೀಸಿದ ಹಿಟ್ಟನ್ನೇ ಮತ್ತೆ ತಂದು, “ಸಣ್ಣಗ ಆಗಿಲ್ಲ” ಎಂದು ಗಂಡ ಹೆಂಡತಿ ಎದುರುಬದುರು ಚೀಲದ ಮೇಲೆ ಕೂತು, ಬಾಯಿ ತುಂಬ ಜಗಳಾಡಿ, ಹಗುರಾಗಿ ಮನೆಗೆ ಹೋಗುತ್ತಾರೆ. ನಮ್ಮ ಮನೆಯ ಗೋಡೆ ಮಾತ್ರ ಮೊದಲಿನಿಂದಲೂ ತೆಳ್ಳಗಿದೆ. ನಮ್ಮನೆಯವರ ಕಿವಿ ಗಿರಣಿ ಸದ್ದಿಗೆ ಅರ್ಧ ಹೋಗಿದೆ. ನಾನು ಏನಂದರೂ “ಹೂಂ” ಅನ್ನುತ್ತಾರೆ.

ಬೇರೆ ಕಾದಂಬರಿಗಳನ್ನು ಜನ ಗಿರಣಿಯಲ್ಲೇ ಜಗಳಾಡಿ ಮುಗಿಸುತ್ತಿದ್ದರು. ಇದು ಮನೆ ಹೊಕ್ಕಿತು. ಊಟಕ್ಕೆ ಕೂತು ಉಪ್ಪಿನಕಾಯಿ ಬಡಿಸಿದರೆ ಸಾಕು, ವಸುಧಾ ನೆನಪಾಗುತ್ತಿದ್ದಳು. ಚಂಪವ್ವನ ಅಡುಗೆಮನೆಯ ಬಾಗಿಲು ಒಂದು ಓಣಿಯಷ್ಟು ಉದ್ದವಾಯಿತು. “ಕೂಡೂ ಮಣಿ ಮ್ಯಾಲ ತಾಟಿಟ್ಟು ಈ ಕಡಿಂದ ದೂಡ್ತೀನಿ, ಆ ಕಡೆ ನನ್ನ ಗಂಡ ಹಿಡೀತಾನ,” ಎಂದು ಅವಳೇ ನಕ್ಕು ಹೇಳಿದಳು. ಆ ಓಣಿಯೊಳಗೆ ಬೇಸಿಗೆಯಲ್ಲೂ ತಂಪು. ಅವಳ ಅತ್ತೆ ಅಲ್ಲೇ ಚಾಪೆ ಹಾಸಿ ಮಲಗಲು ಶುರುಮಾಡಿ, ಗಂಡ ಹೆಂಡತಿ ಸ್ವಲ್ಪ ರಾಜಿಯಾಗುವಂತೆ ಕಂಡರೆ, “ಮಳಿಗಾಲ ಬರೂತನಕ ಜಗಳ ಬಿಡಬ್ಯಾಡ್ರೆಪಾ,” ಎನ್ನುತ್ತಿದ್ದಳಂತೆ.

ಕೊಟ್ರಪ್ಪ ಮಾಸ್ತರ ರೇಡಿಯೊವನ್ನು ಗೋಡೆ ನುಂಗಿತು. ಒಳಗೇ ಅದು ಹಾಡುತ್ತಿತ್ತು, ಬಂದ್ ಮಾಡಲು ಬರುತ್ತಿರಲಿಲ್ಲ. ಮಾಸ್ತರಿಗೆ ಜಯರಾಮ ನಿರಪರಾಧಿ. ಅವರ ಹೆಂಡತಿಗೆ ವಸುಧಾ ದೇವತೆ. ಹಾಗೆ ನೋಡಿದರೆ ಮಾಸ್ತರಿಗೆ ಪುಸ್ತಕವೇ ಹಿಡಿಸಿರಲಿಲ್ಲ. “ಮೊದಲನೇ ಅಧ್ಯಾಯದಾಗ ನನಗ ಎಲ್ಲಾ ಗೊತ್ತಾಗಿತ್ತು,” ಎಂದು ಹೇಳಿಕೊಂಡು ತಿರುಗುತ್ತಿದ್ದರು. ಕೊನೆಯ ಪುಟವನ್ನು ಮೊದಲು ಓದಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ರೇಡಿಯೊ ಹೊರಗೆ ಬರಲೆಂದು ಇಬ್ಬರೂ ಒಂದು ಮುಂಜಾನೆ ಗೋಡೆಯ ಎರಡು ಬದಿ ನಿಂತು, “ಅದು ಕೆಟ್ಟ ಕಾದಂಬರಿ” ಎಂದು ಒಟ್ಟಿಗೆ ಅಂದರಂತೆ. ಗೋಡೆ ಇಳಿಯಿತು, ರೇಡಿಯೊದ ತಿರುಪು ಕಾಣಿಸಿತು. ಮಾಸ್ತರು ಕೈ ಚಾಚುವುದರೊಳಗೆ ಹೆಂಡತಿ, “ಆದ್ರ ಆಕಿ ಮಾಡಿದ್ದು ಸರಿ,” ಅಂದುಬಿಟ್ಟರು.

ಇಷ್ಟರ ನಡುವೆ ನನ್ನ ಮಗಳು ಕಸ್ತೂರಿಯ ಮದುವೆ ಮಾತಾಗಿ ಬದುವಿಗೆ ದಿನ ಗೊತ್ತಾಗಿತ್ತು.

ಹುಡುಗ ಮೌನೇಶ, ಮೋಟರು ವೈಂಡಿಂಗ್ ಮಾಡುವವನು. ನಮ್ಮ ಗಿರಣಿಯ ಮೋಟರು ಸುಟ್ಟಾಗ ಬಂದವನು, ಅದು ಸರಿಯಾದ ಮೇಲೂ “ಸೌಂಡು ಕೇಳ್ಕೊಂಡು ಹೋಗೂಣಂತ ಬಂದ್ನಿ” ಎಂದು ಬರತೊಡಗಿದ. ಸೌಂಡು ಕೇಳಿ ಒಂದು ಪುಸ್ತಕ ಒಯ್ಯುತ್ತಿದ್ದ. ಮುಗಿಸಿ ತಂದು ಕಸ್ತೂರಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಇಬ್ಬರೂ ಯಾವ ಪುಸ್ತಕಕ್ಕೂ ಒಂದೇ ಮಾತು ಆಡಿದ್ದಿಲ್ಲ. ‘ಎರಡನೇ ಕೀಲಿಕೈ’ಗಂತೂ ಗಿರಣಿ ಬಂದ್ ಮಾಡಿದರೂ ಅವರ ಬಾಯಿ ಬಂದ್ ಆಗಲಿಲ್ಲ.

“ಆಕಿಗೆ ಬಾಯಿ ಇರ್ಲಿಲ್ಲೇನು? ಕೀಲಿಕೈ ಸಿಕ್ತು, ಎದುರಿಗೆ ಹಿಡಿದು ಕೇಳಬೇಕಿತ್ತು. ಕೇಳಲಾರದ ಕೀಲಿ ಹಾಕಿದ್ದು ತಪ್ಪು,” ಎನ್ನುವಳು ಕಸ್ತೂರಿ.

“ಕೇಳಿದ್ರ ಅಂವ ಖರೇ ಹೇಳ್ತಿದ್ನೇನು? ಹೇಂತಿ ಚಾಳೀಸು ಮುಚ್ಚಿಟ್ಟು ನಗಾಂವ,” ಎನ್ನುವನು ಮೌನೇಶ. “ಆಕಿ ಮಾಡಿದ್ದು ಸರಿ. ಇನ್ನೂ ಮೊದ್ಲ ಮಾಡಬೇಕಿತ್ತು.”

“ನೀ ಗಂಡಸಾಗಿ ಹಿಂಗ ಅಂತಿ?”

“ನೀ ಹೆಂಗಸಾಗಿ ಹಂಗ ಅಂತಿ?”

ಬೇರೆ ಕಡೆಯ ಸಂಬಂಧವನ್ನೂ ನೋಡೋಣವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಕಸ್ತೂರಿ ತೂಕದ ಕಲ್ಲು ಒರೆಸುತ್ತಲೇ, “ಬ್ಯಾರೆ ಯಾರ ಜೋಡಿಗೂ ನಂಗ ಇಷ್ಟು ಚಂದ ಜಗಳಾಡಾಕ ಬರಂಗಿಲ್ಲವ್ವ,” ಎಂದಳು. ಅಲ್ಲಿಗೆ ನನಗೆ ತಿಳಿಯಿತು. ಅವನ ಮನಸ್ಸೂ ಹಾಗೇ ಇತ್ತು. ಭಯವಿದ್ದದ್ದು ಬದುವಿನದು.

ಬದು ಅಂದರೆ ನಮ್ಮಲ್ಲಿ ನಿಶ್ಚಯದ ಶಾಸ್ತ್ರ. ಹೆಣ್ಣಿನ ಮನೆಯ ಅಂಗಳದಲ್ಲಿ ಹಸಿ ಮಣ್ಣಿನಿಂದ ಗೇಣೆತ್ತರದ ಒಂದು ಗೋಡೆ ಕಟ್ಟುತ್ತಾರೆ. ಈ ಕಡೆ ಹುಡುಗಿ, ಆ ಕಡೆ ಹುಡುಗ. ಹುಡುಗನ ತಾಯಿ ಪ್ರಶ್ನೆ ಕೇಳಿ ಚಪ್ಪಾಳೆ ತಟ್ಟಿದ ಕೂಡಲೇ ಇಬ್ಬರೂ ಒಮ್ಮೆಲೇ ಉತ್ತರ ಹೇಳಬೇಕು. ಬದು ಗೇಣಾಗಿಯೇ ಉಳಿದರೆ ಹುಡುಗ ಅದನ್ನು ದಾಟಿ ಬಂದು ಹುಡುಗಿಯ ಕೈಯಿಂದ ಎಲೆಯಡಿಕೆ ತೆಗೆದುಕೊಳ್ಳುತ್ತಾನೆ, ಸಂಬಂಧ ಗಟ್ಟಿ. ಬೆಳೆದರೆ ಬೀಗರು ಎದ್ದು ಹೋಗುತ್ತಾರೆ. ಇದರಲ್ಲಿ ಮುಚ್ಚುಮರೆ ಏನಿಲ್ಲ, ಎಲ್ಲರೂ ಮೊದಲೇ ಪ್ರಶ್ನೆ ಗೊತ್ತುಮಾಡಿಕೊಂಡು ಮಕ್ಕಳಿಗೆ ಬಾಯಿಪಾಠ ಮಾಡಿಸಿರುತ್ತಾರೆ. ಮೌನೇಶನ ತಾಯಿ ಸಾವಂತ್ರವ್ವ ನಮ್ಮ ಮನೆಗೆ ಬಂದು ಪ್ರಶ್ನೆ ಹೇಳಿಹೋಗಿದ್ದರು. ಚಹಾಕ್ಕೆ ಸಕ್ಕರೆ ಎಷ್ಟು, ರೊಟ್ಟಿ ಬಿಸಿಯೋ ಒಣಗಿದ ಕಟಿಯೋ, ಮಲಗುವಾಗ ಕಿಟಕಿ ತೆರೆಯಬೇಕೋ ಮುಚ್ಚಬೇಕೋ.

“ಸಕ್ಕರಿ ಎರಡು ಚಮಚ ಅನ್ನು,” ಎಂದು ನಾನು ಕಸ್ತೂರಿಗೆ ಹೇಳಿಕೊಟ್ಟೆ.

“ನಂಗ ಒಂದು ಸಾಕು.”

“ಬದು ಮುಗಿಯೂತನಕ ಎರಡು.”

ಸಾವಂತ್ರವ್ವ ಗಟ್ಟಿ ಹೆಂಗಸು. ಊರಿನಲ್ಲಿ ಅವರ ಮನೆಯಷ್ಟು ತೆಳ್ಳಗಿನ ಗೋಡೆ ಇನ್ನೊಂದಿಲ್ಲ. ಹಪ್ಪಳ ನಿಲ್ಲಿಸಿದ ಹಾಗೆ. ಅದೇ ಅವರ ಹೆಮ್ಮೆ. ಅವರ ಗಂಡ ಗುರುಪಾದಪ್ಪ ಮಾತೇ ಆಡದ ಮನುಷ್ಯ. ವಾರಕ್ಕೊಮ್ಮೆ ಜೋಳ ತಂದು ಗಿರಣಿಯ ಮೂಲೆಯ ಕಂಬಕ್ಕೆ ಒರಗಿ, ಕಪಾಟಿನಿಂದ ಒಂದು ಪುಸ್ತಕ ತೆಗೆದು ಓದುವರು. ಹಿಟ್ಟಾದ ಕೂಡಲೇ ಪುಸ್ತಕ ಅಲ್ಲೇ ಇಟ್ಟು, ಓದಿದ ಪುಟಕ್ಕೆ ಜೋಳದ ರವದಿಯ ಒಣ ಎಲೆಯ ಚೂರು ಸಿಕ್ಕಿಸಿ ಹೋಗುವರು. ಮನೆಗೆ ಒಯ್ಯುತ್ತಿರಲಿಲ್ಲ. ನಾನೂ ಯಾಕೆಂದು ಕೇಳಿರಲಿಲ್ಲ.

ಬದುವಿನ ದಿನ ಅಂಗಳದಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಮುಂಜಾನೆ ನಮ್ಮನೆಯವರೇ ಕೈಯಾರೆ ಮಣ್ಣು ಕಲಸಿ ಬದು ಕಟ್ಟಿದ್ದರು. ಚಂಪವ್ವ, ಕೊಟ್ರಪ್ಪ ಮಾಸ್ತರು ನಮ್ಮ ಕಡೆಗೆ. ಸಾವಂತ್ರವ್ವ, ಗುರುಪಾದಪ್ಪ ಹುಡುಗನ ಕಡೆಗೆ. ಕಸ್ತೂರಿ ತಟ್ಟೆಯಲ್ಲಿ ಎಲೆಯಡಿಕೆ ಹಿಡಿದು ಕೂತಿದ್ದಳು. ಸಕ್ಕರೆಗೆ “ಎರಡು” ಎಂದು ಇಬ್ಬರೂ ಒಟ್ಟಿಗೆ ಅಂದರು. ರೊಟ್ಟಿ “ಬಿಸಿ”. ಕಿಟಕಿ “ತೆರೀಬೇಕು”. ಬದು ಕೂದಲೆಳೆಯಷ್ಟೂ ಏಳಲಿಲ್ಲ. ನಾನು ಉಸಿರುಬಿಟ್ಟು ಚಹಾ ತರಲು ಏಳಬೇಕು, ಸಾವಂತ್ರವ್ವ ಕೈ ಎತ್ತಿದರು.

“ಇನ್ನೊಂದು ಐತಿ ನೀಲವ್ವ. ಅದ್ಯಾವುದೋ ಪುಸ್ತಕ ಊರಾಗಿನ ಮನಿಯೆಲ್ಲಾ ಹಾಳು ಮಾಡೇತಂತ. ನಾ ಓದಿಲ್ಲ, ಓದೂದೂ ಇಲ್ಲ. ಆದ್ರ ನಮ್ಮನಿಗೆ ಅದು ಬರಬಾರದು. ಅದಕ ಈಗ ಕೇಳಿಬಿಡ್ತೀನಿ. ಆ ವಸುಧಾ ಮಾಡಿದ್ದು ಸರಿಯೋ, ತಪ್ಪೋ?”

ಇದಕ್ಕೆ ಬಾಯಿಪಾಠ ಮಾಡಿಸಿರಲಿಲ್ಲ. ಬೇರೆ ಪ್ರಶ್ನೆ ಕೇಳಿರೆಂದು ನಾನು ಅನ್ನುವುದರೊಳಗೆ ಅವರು ಚಪ್ಪಾಳೆ ತಟ್ಟಿಬಿಟ್ಟರು.

“ಸರಿ,” ಎಂದಳು ಕಸ್ತೂರಿ.

“ತಪ್ಪು,” ಎಂದ ಮೌನೇಶ.

ಬದು ಸರ್ರನೆ ಸೊಂಟದವರೆಗೆ ಎದ್ದಿತು. ನನಗೆ ಮೊದಲು ಅರ್ಥವಾಗಲಿಲ್ಲ. ದಿನಾ ತಪ್ಪು ಅನ್ನುತ್ತಿದ್ದವಳು ಸರಿ ಅಂದಿದ್ದಳು, ಸರಿ ಅನ್ನುತ್ತಿದ್ದವನು ತಪ್ಪು ಅಂದಿದ್ದ. ಚಂಪವ್ವ ಸೆರಗು ಬಾಯಿಗೆ ಹಿಡಿದು, “ಅಯ್ಯ, ಈಕಿ ಅಂವನ ಮಾತು ಹೇಳಿದ್ಲು, ಅಂವ ಈಕಿ ಮಾತು ಹೇಳಿದ,” ಎಂದು ನಗತೊಡಗಿದಳು.

“ಅಲ್ರೀ, ನಾ ತಪ್ಪು ಅನ್ನಾಕಿ ಇದ್ದೆ,” ಎಂದಳು ಕಸ್ತೂರಿ ಗಾಬರಿಯಲ್ಲಿ.

“ಅಲ್ಲವ್ವ, ನಾ ಸರಿ ಅನ್ನಾಂವ ಇದ್ದೆ,” ಎಂದ ಮೌನೇಶ ತಾಯಿಗೆ, ಅದೇ ಹೊತ್ತಿಗೆ.

ಬದು ಎದೆಯವರೆಗೆ ಬಂತು. ಕೂತವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದಂತಾಗಿ ಇಬ್ಬರೂ ಎದ್ದು ನಿಂತರು.

“ನನ್ನ ಮಾತು ಹೇಳು ಅಂತ ನಿನಗ ನಾ ಅಂದಿದ್ನೇನು?” ಎಂದಳು ಕಸ್ತೂರಿ.

“ನಿನಗ ನಾ ಅಂದಿದ್ನೇನು? ಒಂದಿನನರ ನನ್ನ ಮಾತು ಒಪ್ಪಿದಾಕಿ ಅಲ್ಲ, ಇವತ್ತ ಯಾಕ ಒಪ್ಪಿದಿ?”

“ಒಪ್ಪಿಲ್ಲ. ಹೇಳಿದೆ ಅಷ್ಟ. ನನ್ನ ಕೇಳಿದ್ರ ಆಕಿ ಮಾಡಿದ್ದು ಈಗೂ ತಪ್ಪ.”

“ಈಗೂ ಸರಿ.”

ಬದು ಅವರ ತಲೆಯನ್ನೂ ಮುಚ್ಚಿತು. ಎತ್ತರವಷ್ಟೇ ಅಲ್ಲ, ಮೇಲೆ ಒಬ್ಬರು ಕೂರಬಹುದಾದಷ್ಟು ದಪ್ಪವೂ ಆಯಿತು. ಆಚೆಯಿಂದ ಮೌನೇಶ ನಗುವುದು ಕೇಳಿಸಿತು. ಈಚೆ ನಮ್ಮ ಕಸ್ತೂರಿ ತಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ನಾನು ಬದುವನ್ನು ಬಳಸಿಕೊಂಡು ಬೀಗರ ಕಡೆಗೆ ಓಡಿದೆ. ಸಾವಂತ್ರವ್ವ ಆಗಲೇ ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದರು.

“ತಪ್ಪು ತಿಳೀಬ್ಯಾಡ್ರಿ ನೀಲವ್ವ, ನಿಮ್ಮ ಹುಡುಗಿ ಚಲೋ ಅದಾಳ. ಆದ್ರ ನಮ್ಮನಿ ಗೋಡಿ ನೀವು ನೋಡೀರಿ. ಆ ಕಡೆ ದೀಪ ಹಚ್ಚಿದ್ರ ಈ ಕಡೆ ಸೂಜಿಗೆ ದಾರ ಪೋಣಿಸಬಹುದು. ಇಂಥಾವ್ರಿಬ್ರನ್ನ ಒಳಗ ಬಿಟ್ಟುಕೊಂಡ್ರ ನಾವು ಓಣ್ಯಾಗ ಮಲಗಬೇಕಾಗ್ತೈತಿ. ಏಳ್ರಿ, ಹೋಗೂಣು.” ಕೊನೆಯ ಮಾತು ಗಂಡನಿಗೆ.

ಗುರುಪಾದಪ್ಪ ಏಳಲಿಲ್ಲ.

“ಏಳ್ರಿ ಅಂದೆ.”

“ಕೀಲಿ ಹಾಕಿದ್ದು ತಪ್ಪಲ್ಲ,” ಎಂದರು ಗುರುಪಾದಪ್ಪ. ಅವರ ದನಿ ಹೀಗಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಸಣ್ಣ ದನಿ, ಹೊಸ ಪುಸ್ತಕ ಬಿಡಿಸಿದಂತೆ. “ಕೀಲಿ ಹಾಕಿ, ಆರಾಮ ಕೂತು ಉಂಡಳಲ್ಲ, ಅದು ತಪ್ಪು.”

ಸಾವಂತ್ರವ್ವ ಅಭ್ಯಾಸಬಲದಿಂದ ಮೊದಲು ತಮ್ಮಿಬ್ಬರ ನಡುವೆ ನೋಡಿದರು. ಅಲ್ಲಿ ಚಾಪೆಯಿತ್ತು, ಬೇರೇನೂ ಇರಲಿಲ್ಲ.

“ನೀವು ಅದನ್ನ ಓದೀರಿ?”

“ಓದೇನಿ.”

“ಯಾವಾಗ?”

“ಜೋಳ ಬೀಸೂಮುಂದ.”

“ಮನ್ಯಾಗ ಒಂದು ಮಾತು ಹೇಳಲಿಲ್ಲ?”

“ಗೋಡಿ ಬೆಳದ್ರ ನೀ ಬ್ಯಾಸರ ಮಾಡ್ಕೋತಿ ಸಾವಂತ್ರಿ.”

ಸಾವಂತ್ರವ್ವನ ಮುಖದಲ್ಲಿ ಏನು ನಡೆಯುತ್ತಿತ್ತೋ ನನಗೆ ಓದಲು ಬರಲಿಲ್ಲ. ಬದುವಿನ ಆಚೆ ಈಚೆ ಇದ್ದ ಇಬ್ಬರೂ ನಗು ನಿಲ್ಲಿಸಿ ಕಿವಿಗೊಟ್ಟಿದ್ದರು. ಆಕೆ ನಿಧಾನ ಕೂತರು. ಗಂಡನ ಕಡೆ ನೋಡದೆ ಕೇಳಿದರು, “ಏನು ಉಂಡ್ಲು ಆಕಿ?”

“ಹೇಳಂಗಿಲ್ಲ. ಓದಿ ನೋಡು.”

“ಅಷ್ಟು ಹೇಳಿದ್ರ ಏನಾಗ್ತೈತಿ?”

“ರುಚಿ ಹೋಗ್ತೈತಿ,” ಎಂದರು ಗುರುಪಾದಪ್ಪ.

ಸಾವಂತ್ರವ್ವ ನನ್ನತ್ತ ಕೈ ಚಾಚಿದರು. “ಎಲ್ಲೈತ್ರಿ ಆ ಪುಸ್ತಕ?”

ಪುಸ್ತಕ ಕಪಾಟಿನಲ್ಲಿರಲಿಲ್ಲ. ಚಂಪವ್ವ ಎರಡನೆಯ ಸಲ ಓದುತ್ತಿದ್ದವಳು, ಬದು ಬಳಸಿ ಬಂದು ತನ್ನ ಚೀಲದಿಂದ ತೆಗೆದು, “ಹಾಳಿ ಮ್ಯಾಲಿನ ಉಪ್ಪಿನಕಾಯಿ ಕಲಿ ನಂದಲ್ಲ, ಮೊದ್ಲ ಇತ್ತು,” ಎಂದು ಹೇಳುತ್ತ ನನ್ನ ಕೈಗೆ ಕೊಟ್ಟಳು. ಸಾವಂತ್ರವ್ವ ಅದರ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದರು. ಬಿಸಿಲು ಏರಿತ್ತು. ಅಂಗಳದಲ್ಲಿ ಆಗ ನೆರಳಿದ್ದದ್ದು ಹೊಸದಾಗಿ ಬೆಳೆದ ಬದುವಿನ ಬುಡದಲ್ಲಿ ಮಾತ್ರ. ಅಲ್ಲಿಗೆ ಹೋಗಿ ಬೆನ್ನು ಕೊಟ್ಟು, ಕಾಲು ಚಾಚಿ ಕೂತು, ಪುಸ್ತಕವನ್ನು ಕಣ್ಣಿನಿಂದ ದೂರ ಹಿಡಿದು ಒಂದೊಂದೇ ಪದ ಕೂಡಿಸಿ ಓದಲು ಶುರುಮಾಡಿದರು.

ಕೊಟ್ರಪ್ಪ ಮಾಸ್ತರು ಬದುವಿನ ಅಂಚಿನಿಂದ ಇಣುಕಿ, “ಕಡೀ ಪುಟ ಮೊದಲ ಓದ್ರಿ, ಲಗೂ ಆಗ್ತೈತಿ,” ಎಂದರು. ಯಾರೂ ಅವರತ್ತ ನೋಡಲಿಲ್ಲ.

“ಹಂಗಾರ ಸಂಬಂಧದ್ದು ಏನು ಹೇಳ್ತೀರಿ ಸಾವಂತ್ರವ್ವ?” ಎಂದೆ.

“ಓದಾಕ ಬಿಡ್ರಿ ನೀಲವ್ವ. ಈಗಿನ್ನೂ ಉಪ್ಪಿನ ಡಬ್ಬಿ ಹುಡುಕ್ಲಿಕ್ಕತ್ತಾಳ.”

ಆ ಪುಸ್ತಕ ದೊಡ್ಡದು, ಆಕೆಯ ಓದು ನಿಧಾನ. ತಟ್ಟೆಯಲ್ಲಿ ಎಲೆ ಬಾಡತೊಡಗಿತ್ತು. ಮೌನೇಶ ಬದುವನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದ. ಬಳಸಿಕೊಂಡು ಬರಬಹುದಿತ್ತು, ನಾನು ಬಂದಿರಲಿಲ್ಲವೇ. ಆದರೆ ದಾಟಿ ಬರಬೇಕೆಂದೇ ಶಾಸ್ತ್ರ. ಅವನು ತಾಯಿಯನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದ. ಅದುವರೆಗೆ ಅವನು ನನ್ನನ್ನು ನೀಲಕ್ಕಾರ ಎಂದೇ ಕರೆಯುತ್ತಿದ್ದವನು.

“ಅತ್ತಿ, ಮನ್ಯಾಗ ಏಣಿ ಐತೇನ್ರಿ?”

ಏಣಿ ಇರಲಿಲ್ಲ. ನಮ್ಮನೆಯವರು ಎಷ್ಟು ಕೇಳಿಸಿಕೊಂಡರೋ ಕಾಣೆ, ಸುಮ್ಮನೆ ಗಿರಣಿಗೆ ಹೋಗಿ, ಮೆಟ್ಟಿಲಾಗಲೆಂದು ಮಾಸ್ತರ ಜೋಳದ ಚೀಲವನ್ನು ಉರುಳಿಸಿಕೊಂಡು ಬಂದರು. ಬದುವಿನ ಬುಡಕ್ಕೆ ಬರುವ ದಾರಿಯಲ್ಲಿ ಸಾವಂತ್ರವ್ವನ ಕಾಲು ಅಡ್ಡವಿದ್ದವು. ನಮ್ಮನೆಯವರು ಚೀಲ ನಿಲ್ಲಿಸಿ ಕಾದರು. ಆಕೆ ಪುಟದಿಂದ ಕಣ್ಣೆತ್ತಲಿಲ್ಲ. ಮೊದಲು ಹಾಳೆ ತಿರುವಿದರು, ಆಮೇಲೆ ಎರಡೂ ಕಾಲು ಮಡಚಿಕೊಂಡು ದಾರಿ ಬಿಟ್ಟರು.